ಇರೋದು, ಕಾಣೋದು, ಕೇಳೋದು

ಸೀಟು ಎಂದರೆ ಟವೆಲ್ಲು ಎಂದು ನಂಬಿದ್ದ ಊರಿನಲ್ಲಿ ನಾನು ಕಂಪ್ಯೂಟರ್ ಮುಂದೆ ಕೂತವಳು. ಮಧುಗಿರಿ ನಿಲ್ದಾಣಕ್ಕೆ ಬೆಂಗಳೂರಿನ ಬಸ್ಸು ಬಂದು ನಿಂತ ಕೂಡಲೇ ಜನ ಬಾಗಿಲ ಕಡೆಗೆ ಹೋಗುತ್ತಿರಲಿಲ್ಲ, ಕಿಟಕಿಗಳ ಕಡೆಗೆ ಓಡುತ್ತಿದ್ದರು. ಕಿಟಕಿಯಿಂದ ಟವೆಲ್ಲು ಎಸೆದರೆ ಅದು ಬಿದ್ದ ಸೀಟು ಅವರದು. ಟವೆಲ್ಲು ಇಲ್ಲದವರು ಪೇಪರ್ ಎಸೆಯುತ್ತಿದ್ದರು, ಟೋಪಿ ಎಸೆಯುತ್ತಿದ್ದರು. ಒಬ್ಬ ಮಹಾನುಭಾವರು ಒಂದು ಚಪ್ಪಲಿಯನ್ನೇ ಎಸೆದು, ಇನ್ನೊಂದು ಕಾಲಿನ ಚಪ್ಪಲಿಯಲ್ಲಿ ಕುಂಟುತ್ತಾ ಬಾಗಿಲಿಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೇನೆ. ಟಿಕೆಟ್ ಯಾರ ಹತ್ತಿರ ಇದೆ ಎಂಬುದು ಆಮೇಲಿನ ಮಾತು. ಶಿರಾದ ಕಡಲೆಕಾಯಿ ವ್ಯಾಪಾರಿಗಳಾಗಲಿ, ಪಾವಗಡದ ಕಡೆಯಿಂದ ತೆಲುಗು ಬೆರೆಸಿಕೊಂಡು ಬರುವವರಾಗಲಿ, ಈ ಒಂದು ಕಾನೂನಿನ ವಿಷಯದಲ್ಲಿ ಎಲ್ಲರದೂ ಒಮ್ಮತ. ಬೇರೆಯವರ ಟವೆಲ್ಲು ಎತ್ತಿದವನು ಕೆಟ್ಟವನು, ಅಷ್ಟೇ.

ನನಗೆ ಈ ಪದ್ಧತಿಯ ಮೇಲೆ ಹುಟ್ಟಿದಾಗಿನಿಂದ ಸಿಟ್ಟು. ನಮ್ಮ ತಂದೆಯ ಕಬ್ಬಿಣದ ಸಾಮಾನಿನ ಅಂಗಡಿ ನಿಲ್ದಾಣದ ಎದುರಿಗೇ ಇತ್ತು, ಆದ್ದರಿಂದ ಸೀಟಿನ ಜಗಳಗಳೇ ನನ್ನ ಬಾಲ್ಯದ ಮನರಂಜನೆ. ಎಪ್ಪತ್ತರ ದಶಕದಲ್ಲಿ ಎಲ್ಲಿಗಾದರೂ ಹೊರಟರೆ ಅಮ್ಮ ನನ್ನನ್ನೇ ಎತ್ತಿ ಕಿಟಕಿಯಿಂದ ಒಳಕ್ಕೆ ತೂರಿಸುತ್ತಿದ್ದಳು. ಅಂದರೆ ಕೆಲವು ಕಾಲ ನಾನೇ ಟವೆಲ್ಲಾಗಿದ್ದೆ. ಮುಂದೆ ತುಮಕೂರಿನಲ್ಲಿ ಓದುವಾಗ, ಕೈಯಲ್ಲಿ ಸೀಟಿನ ನಂಬರ್ ಇರುವ ಟಿಕೆಟ್ ಹಿಡಿದುಕೊಂಡು, ನನ್ನ ಸೀಟಿನಲ್ಲಿ ಹಾಯಾಗಿ ಮಲಗಿರುವ ಯಾರದೋ ಟವೆಲ್ಲನ್ನು ನೋಡುತ್ತಾ ಊರಿನವರೆಗೆ ನಿಂತು ಬಂದದ್ದಕ್ಕೆ ಲೆಕ್ಕವಿಲ್ಲ.

ಬಿ.ಎಸ್ಸಿ. ಆದಮೇಲೆ ಬೆಂಗಳೂರಿನ ಚಿಕ್ಕಮ್ಮನ ಮನೆಯಲ್ಲಿದ್ದು ಕಂಪ್ಯೂಟರ್ ಕೋರ್ಸ್ ಮಾಡಿದೆ. ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕೋರ್ಸ್ ಮುಗಿಸಿ ಮಧುಗಿರಿಗೆ ವಾಪಸ್ ಬಂದಾಗ ಎಲ್ಲರೂ ಕೇಳಿದರು, ಅಲ್ಲೇ ಕೆಲಸ ಸಿಗುತ್ತಿರಲಿಲ್ಲವಾ ಎಂದು. ಸಿಗುತ್ತಿತ್ತು, ನನಗೆ ಬೇಕಿರಲಿಲ್ಲ ಎಂದೆ. ಅದನ್ನು ಯಾರೂ ನಂಬಲಿಲ್ಲ. ನಂಬಿಸುವ ಉಸಾಬರಿಗೆ ನಾನೂ ಹೋಗಲಿಲ್ಲ.

ಆಗ ನಮ್ಮ ಕಡೆ ಖಾಸಗಿ ಬಸ್ಸುಗಳದೇ ದರ್ಬಾರು. ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆ ಎಲ್ಲಾ ಕಡೆ ಬಸ್ಸು ಓಡಿಸುತ್ತಿದ್ದ ಒಬ್ಬ ಮಾಲೀಕರು ಇದ್ದರು. ಊರೆಲ್ಲ ಅವರನ್ನು ಸಾಹುಕಾರರು ಎಂದೇ ಕರೆಯುತ್ತಿತ್ತು. ಅವರು ಬೆಂಗಳೂರಿನಲ್ಲಿ ಯಾರದೋ ಕಚೇರಿಯಲ್ಲಿ ಬಣ್ಣದ ಪರದೆಯ ಕಂಪ್ಯೂಟರ್ ನೋಡಿ, ಅಂಥದ್ದೇ ಒಂದನ್ನು ತಂದು ನಿಲ್ದಾಣದ ಬುಕಿಂಗ್ ಕೋಣೆಯಲ್ಲಿ ಕೂರಿಸಿದ್ದರು. ಪ್ರೋಗ್ರಾಂ ಬರೆದುಕೊಟ್ಟಿದ್ದ ಬೆಂಗಳೂರಿನವರು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ. ಅದು ದಿನಾ ತಪ್ಪು ಮಾಡುತ್ತಿತ್ತು. ಸರಿಮಾಡಲು ಯಾರಾದರೂ ಬೇಕು ಎಂದು ಸಾಹುಕಾರರು ಅಂಗಡಿಗೆ ಬಂದು ಅಪ್ಪನನ್ನು ಕೇಳಿದರು. ಅಪ್ಪ ಒಳಗೆ ನೋಡಿದ. ನಾನು ಆಗಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದೆ.

"ಬಸ್‌ಸ್ಟ್ಯಾಂಡಲ್ಲಿ ಕೂತ್ಕೊಳ್ಳೋ ಹುಡುಗಿ ಅಂತ ಹೆಸರು ಬರುತ್ತೆ ಕಣೆ" ಎಂದಳು ಅಮ್ಮ.

"ಬರ್ಲಿ ಬಿಡು. ಅಲ್ಲಿ ಎಲ್ಲಾರೂ ನಿಂತಿರ್ತಾರೆ, ನಾನೊಬ್ಬಳಾದ್ರೂ ಕೂತ್ಕೋತೀನಿ" ಎಂದೆ.

ಬುಕಿಂಗ್ ಕೋಣೆಯ ಒಡೆಯರು ಎಂದರೆ ಏಜೆಂಟರು. ಖಾಸಗಿ ಬಸ್ಸಿನ ಏಜೆಂಟರನ್ನು ನೋಡಿದವರಿಗೆ ವಿವರಿಸಬೇಕಾಗಿಲ್ಲ. ನಮ್ಮವರಿಗೆ ವಯಸ್ಸು ಐವತ್ತರ ಮೇಲೆ, ಕೊರಟಗೆರೆ ಕೊರಟಗೆರೆ ಬೆಂಗ್ಳೂರ್ ಎಂದು ಕೂಗಿ ಕೂಗಿ ಗಂಟಲು ಒಡೆದಿತ್ತು. ಬಸ್ಸಿನೊಳಗೆ ಉಸಿರಾಡಲು ಜಾಗವಿಲ್ಲದಿದ್ದರೂ ಅವರು "ಸೀಟೈತೆ, ಸೀಟೈತೆ" ಎಂದೇ ಕೂಗುತ್ತಿದ್ದರು. ತಮಗೆ ಬೇಡದ ಮುಖ ಕಿಟಕಿಯಲ್ಲಿ ಕಂಡರೆ, ಅರ್ಧ ಬಸ್ಸು ಖಾಲಿಯಿದ್ದರೂ "ಫುಲ್ಲಾಗೈತೆ" ಎನ್ನುತ್ತಿದ್ದರು. ಅವರ ಬಾಯಿಗೂ ಬಸ್ಸಿಗೂ ಯಾವ ಸಂಬಂಧವೂ ಇರಲಿಲ್ಲ.

ಆ ಹಳೆಯ ಪ್ರೋಗ್ರಾಂ ಥೇಟ್ ಅವರ ಹಾಗೇ ಇತ್ತು. ಪರದೆಯ ಮೇಲೆ ಬಸ್ಸಿನ ಚಿತ್ರ, ಒಂದೊಂದು ಸೀಟಿಗೆ ಒಂದೊಂದು ಚೌಕ. ಖಾಲಿ ಇದ್ದರೆ ಹಸಿರು, ಬುಕ್ ಆದರೆ ಕೆಂಪು. ನೋಡಲು ಚಂದ. ಆದರೆ ಒಳಗೆ ಬಿಚ್ಚಿ ನೋಡಿದಾಗ ನನಗೆ ನಗು ಬಂತು, ಆಮೇಲೆ ರೇಗಿತು. ಯಾವ ಸೀಟು ಬುಕ್ ಆಗಿದೆ ಎಂಬುದನ್ನು ಅದು ಬೇರೆಲ್ಲೂ ನೆನಪಿಟ್ಟುಕೊಂಡಿರಲಿಲ್ಲ. ಮೂರನೇ ಸೀಟು ಖಾಲಿಯಾ ಎಂದು ಕೇಳಿದರೆ, ಪರದೆಯ ಮೇಲಿನ ಆ ಚೌಕದ ಬಣ್ಣವನ್ನು ಹೋಗಿ ನೋಡಿಕೊಂಡು ಬಂದು ಉತ್ತರ ಹೇಳುತ್ತಿತ್ತು. ಕೆಂಪು ಕಂಡರೆ ಆಗಿದೆ, ಕಾಣದಿದ್ದರೆ ಇಲ್ಲ. ಟವೆಲ್ಲು ಇದ್ದರೆ ಸೀಟು ನಿಮ್ಮದು, ಟವೆಲ್ಲು ಹೋದರೆ ಸೀಟೂ ಹೋಯಿತು. ಬೆಂಗಳೂರಿನವರು ಬಂದು ನಮ್ಮ ನಿಲ್ದಾಣದ ಕಾಯಿಲೆಯನ್ನೇ ಯಂತ್ರದೊಳಗೆ ಹಾಕಿ ಹೋಗಿದ್ದರು.

ಏಜೆಂಟರು ಇದನ್ನು ಯಾರೂ ಹೇಳಿಕೊಡದೆ ಕಂಡುಹಿಡಿದಿದ್ದರು. ಕೀಲಿಮಣೆಯ ಮೇಲಿನ ಸಾಲಿನ ಕೊನೆಯಲ್ಲಿದ್ದ ಒಂದು ಕೀ ಒತ್ತಿದರೆ ಪರದೆ ಅಳಿಸಿ ಹೊಸ ಬಸ್ಸಿನ ಚಿತ್ರ ಬರುತ್ತಿತ್ತು. ಎಲ್ಲಾ ಸೀಟೂ ಹಸಿರು. ಆಗ ಅದೇ ಸೀಟುಗಳನ್ನು ಅವರು ಎರಡನೇ ಸಲ ಬುಕ್ ಮಾಡುತ್ತಿದ್ದರು. ಬಸ್ಸಿನಲ್ಲಿ ಒಂದೇ ಸೀಟಿಗೆ ಇಬ್ಬರು ಟಿಕೆಟ್ ಹಿಡಿದು ನಿಂತರೆ, "ನಮ್ದೇನೈತೆ, ಮಿಸನ್ನು ಮಾಡೈತೆ" ಎಂದು ಕೈ ತೊಳೆದುಕೊಳ್ಳುತ್ತಿದ್ದರು.

ನಾನು ಆ ಪ್ರೋಗ್ರಾಮನ್ನು ರಿಪೇರಿ ಮಾಡಲಿಲ್ಲ, ಎಸೆದೆ. ಕೋರ್ಸಿನಲ್ಲಿದ್ದಾಗ ಒಬ್ಬರು ಮೇಷ್ಟ್ರು ಯಾವುದೋ ಪರದೇಶದ ಲೇಖನದ ಜೆರಾಕ್ಸ್ ಕೊಟ್ಟಿದ್ದರು. ಪರದೆಯಲ್ಲಿ ಚಿತ್ರ ಬರುವ ಪ್ರೋಗ್ರಾಮನ್ನು ಮಾಡೆಲ್, ವ್ಯೂ, ಕಂಟ್ರೋಲರ್ ಎಂದು ಮೂರು ಪಾಲು ಮಾಡಬೇಕು ಎಂದು ಅದರಲ್ಲಿತ್ತು. ತರಗತಿಯಲ್ಲಿ ಅದು ಯಾರಿಗೂ ರುಚಿಸಲಿಲ್ಲ. ಇಷ್ಟು ಚಿಕ್ಕ ಕೆಲಸಕ್ಕೆ ಮೂರು ಪಾಲು ಯಾಕೆ ಎಂದರು. ನನಗೆ ಮಾತ್ರ ಅದು ಓದಿದ ತಕ್ಷಣ ಅರ್ಥವಾಗಿತ್ತು. ಟವೆಲ್ಲು ಬೇರೆ, ಸೀಟು ಬೇರೆ, ಟವೆಲ್ಲು ಎಸೆಯುವ ಕೈ ಬೇರೆ ಎಂದು ಯಾರೋ ಮೊದಲ ಸಲ ನೆಟ್ಟಗೆ ಬರೆದಿದ್ದರು.

ಆ ಇಂಗ್ಲಿಷ್ ಹೆಸರುಗಳು ನನಗೆ ಬೇಕಾಗಲಿಲ್ಲ. ನನ್ನ ಮೂರು ಪಾಲುಗಳಿಗೆ ನಾನೇ ಹೆಸರಿಟ್ಟೆ: ಇರೋದು, ಕಾಣೋದು, ಕೇಳೋದು. ಬಸ್ಸಿನಲ್ಲಿ ಎಷ್ಟು ಸೀಟಿವೆ, ಯಾವುದು ಯಾರಿಗೆ ಹೋಗಿದೆ, ಬುಕಿಂಗಿನ ನಿಯಮಗಳೇನು, ಇಷ್ಟೂ ‘ಇರೋದು’ ಎಂಬ ಪಾಲಿನ ಒಳಗೆ. ಅದಕ್ಕೆ ಪರದೆ ಎಂಬ ವಸ್ತು ಜಗತ್ತಿನಲ್ಲಿ ಇದೆ ಎಂದೇ ಗೊತ್ತಿರಲಿಲ್ಲ. ‘ಕಾಣೋದು’ ಎಂಬುದರ ಕೆಲಸ ಚಿತ್ರ ಬರೆಯುವುದು ಮಾತ್ರ. ಬರೆಯುವ ಮುಂಚೆ ಅದು ಪ್ರತಿ ಸಲವೂ ‘ಇರೋದು’ ಹತ್ತಿರ ಹೋಗಿ ಮೂರನೇ ಸೀಟು ಏನಾಗಿದೆ ಎಂದು ಕೇಳಬೇಕು, ಕೇಳಿದ್ದನ್ನು ಬಣ್ಣ ಮಾಡಬೇಕು. ಅದಕ್ಕೆ ಸ್ವಂತ ಅಭಿಪ್ರಾಯವಿಲ್ಲ. ಇನ್ನು ಹೊರಗಿನವರು ಕೀ ಒತ್ತಿದಾಗ ಅದನ್ನು ಕೇಳಿಸಿಕೊಂಡು, ಇವರು ಬುಕ್ ಮಾಡಬೇಕಂತೆ ಎಂದು ‘ಇರೋದು’ಗೆ ಮುಟ್ಟಿಸುವುದು ‘ಕೇಳೋದು’. ‘ಇರೋದು’ ಒಪ್ಪಿದರೆ ತನ್ನೊಳಗೆ ಬದಲಾಯಿಸಿಕೊಂಡು, ಫ್ಲಾಪಿಯ ಮೇಲೆ ಬರೆದಿಟ್ಟು, ನಾನು ಬದಲಾಗಿದ್ದೇನೆ ನೋಡಿಕೊಳ್ಳಿ ಎಂದು ಒಂದು ಕೂಗು ಹಾಕುತ್ತದೆ. ಆಗ ಚಿತ್ರ ಬದಲಾಗುತ್ತದೆ. ಒಪ್ಪದಿದ್ದರೆ ಯಾರು ಎಷ್ಟು ಕೀ ಒತ್ತಿದರೂ ಚೌಕದ ಬಣ್ಣ ಅಲ್ಲಾಡುವುದಿಲ್ಲ.

ಇದರ ಲಾಭ ಬೇಗನೆ ಕಂಡಿತು. ಮೊದಲು ಯಂತ್ರದ ಜೊತೆ ಒಂದು ಮೌಸ್ ಇತ್ತು. ಆದರೆ ನಮ್ಮ ಕೋಣೆಯ ಪಕ್ಕದಲ್ಲೇ ಕಡಲೆಕಾಯಿ ಮೂಟೆಗಳನ್ನು ಬಸ್ಸಿನ ಮೇಲಕ್ಕೆ ಏರಿಸುತ್ತಿದ್ದರು. ಸಿಪ್ಪೆಯ ಹೊಟ್ಟು ಹಾರಿ ಬಂದು ಮೌಸಿನ ಹೊಟ್ಟೆಯ ಗುಂಡು ಕಚ್ಚಿಕೊಂಡಿತು. ನಾನು ‘ಕೇಳೋದು’ ಪಾಲನ್ನು ಮಾತ್ರ ತಿದ್ದಿ, ಬಾಣದ ಕೀಲಿಗಳಿಂದ ನಡೆಯುವ ಹಾಗೆ ಮಾಡಿದೆ. ಉಳಿದ ಎರಡು ಪಾಲಿಗೆ ಮೌಸ್ ಸತ್ತ ಸುದ್ದಿಯೇ ಮುಟ್ಟಲಿಲ್ಲ. ಕರೆಂಟು ಹೋದರೂ ಅಷ್ಟೇ. ಪರದೆ ಕಪ್ಪಾಗುತ್ತಿತ್ತು, ಕರೆಂಟು ಬಂದಮೇಲೆ ಫ್ಲಾಪಿಯಿಂದ ಎಲ್ಲಾ ಸೀಟೂ ಯಥಾಪ್ರಕಾರ ಎದ್ದು ಬರುತ್ತಿದ್ದವು.

ಆಮೇಲೆ ನಾನು ಮಾಡಿದ ಕೆಲಸವನ್ನು ಯಾರೂ ಮಾಡು ಎಂದು ಹೇಳಿರಲಿಲ್ಲ. ಬೀರುವಿನಲ್ಲಿ ಒಂದು ಕಪ್ಪು-ಬಿಳುಪು ಮಾನಿಟರ್ ಬಿದ್ದಿತ್ತು. ಅದನ್ನು ಯಂತ್ರಕ್ಕೆ ಜೋಡಿಸಿ ಒಳಗೆ ನಮಗಿಟ್ಟುಕೊಂಡೆ. ಬಣ್ಣದ ಪರದೆಯನ್ನು ತಿರುಗಿಸಿ, ಕಿಟಕಿಯ ಸರಳುಗಳ ಹಿಂದೆ, ಸಾಲಿನಲ್ಲಿ ನಿಂತ ಜನರ ಕಡೆ ಮುಖಮಾಡಿ ಇಟ್ಟೆ. ಒಳಗೆ ಬುಕ್ ಆದ ಸೀಟಿಗೆ ಬರೀ ಒಂದು ಕತ್ತರಿ ಗುರುತು, ಹೊರಗೆ ಕೆಂಪು ಚೌಕ. ‘ಕಾಣೋದು’ ಎರಡಾದವು, ‘ಇರೋದು’ ಒಂದೇ. ಜಾತ್ರೆ ಗೊಂಬೆ ನೋಡಿದ ಹಾಗೆ ಜನ ಮುತ್ತಿಕೊಂಡರು. ಸಾಹುಕಾರರಿಗೂ ಬೇರೆ ಬಸ್ಸಿನವರ ಮುಂದೆ ಮೀಸೆ ತಿರುವಲು ಸಿಕ್ಕಿತು.

ಆದರೆ ಜನ ಬರೀ ನೋಡಿಕೊಂಡು ಸುಮ್ಮನಾಗಲಿಲ್ಲ. ಅಕ್ಷರ ಬಾರದವರಿಗೂ ಹಸಿರು, ಕೆಂಪು ಗೊತ್ತಾಗುತ್ತದೆ. ಏಜೆಂಟರು ಅಭ್ಯಾಸಬಲದಿಂದ "ಫುಲ್ಲಾಗೈತೆ" ಎಂದರೆ, ಸಾಲಿನಿಂದ ಯಾರಾದರೂ "ಅಗೋ, ಇನ್ನಾ ಹಸ್ರಾಗೈತಲ್ಲಾ" ಎನ್ನುತ್ತಿದ್ದರು. ಬೆರಳಿಟ್ಟು ಸೀಟು ತೋರಿಸುತ್ತಿದ್ದರು. ಪಾವಗಡದ ಕಡೆಯವರೊಬ್ಬರು ಕಿಟಕಿಯಲ್ಲಿ ತಲೆ ಇಟ್ಟು, "ಅದಿಗೋ, ಆ ಮೂಲೇದು ಇಯ್ಯಮ್ಮಾ" ಎಂದು ತೆಲುಗು ಬೆರೆಸಿ, ಆ ಮೂಲೆಯ ಸೀಟು ಕೊಡು ಎಂದು ನನ್ನನ್ನೇ ಕೇಳಿದ್ದು ನೆನಪಿದೆ. ಏಜೆಂಟರನ್ನು ದಾಟಿ ನೇರವಾಗಿ ಕೇಳಿದ್ದರು. ಏಜೆಂಟರ ಮುಖ ಆವತ್ತು ಹುಳಿ ಮಜ್ಜಿಗೆ ಕುಡಿದ ಹಾಗಿತ್ತು. ನನಗೆ ಬಹಳ ಖುಷಿಯಾಯಿತು, ಮುಚ್ಚಿಡುವುದೇನಿದೆ.

ಆ ಸಾಲಿನಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ ಒಬ್ಬ ಹೆಂಗಸು ಬರತೊಡಗಿದರು. ಪುರವರದ ಆಚೆಯ ಒಂದು ಹಳ್ಳಿಯವರು, ಕುರಿ ಸಾಕುವ ಮನೆತನ. ಗಂಡ ಮಂದೆ ಹೊಡೆದುಕೊಂಡು ದೂರ ಹೋಗಿದ್ದರಿಂದ ಒಬ್ಬರೇ ಬರುತ್ತಿದ್ದರು. ಸೆರಗನ್ನು ಕತ್ತಿಗೆ ಬಿಗಿಯಾಗಿ ಸುತ್ತಿರುತ್ತಿದ್ದರು. ಗಂಟಲಲ್ಲಿ ಗಡ್ಡೆ. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಅದಕ್ಕೆ ಕರೆಂಟು, ಅಂದರೆ ರೇಡಿಯೇಷನ್, ಕೊಡುತ್ತಿದ್ದರು. ಸೋಮವಾರ ಹೋದರೆ ವಾರವೆಲ್ಲ ಅಲ್ಲೇ ಜಗಲಿಯ ಮೇಲಿದ್ದು ಶುಕ್ರವಾರ ಸಂಜೆ ವಾಪಸ್.

ಮೊದಲ ಸಲ ಅವರು ನನ್ನ ಜೊತೆ ಮಾತಾಡಿದ್ದು ಹೀಗೆ. "ಮುಂದ್ಗಡೆ ಒಂದು ಕೊಡ್ತಾಯಿ. ಹಿಂದ್ಗಡೆ ಕುಂತ್ರೆ ಎತ್ತಾಕ್ತದೆ, ಕತ್ತು ತಡೀಯಾಕಿಲ್ಲ. ಹೋದ್ ಕಿತ ನಿಂತ್ಕಂಡು ಹೋಗಿ ಕೊರಟಗೆರೇಲೇ ವಾಂತಿ ಮಾಡ್ಕಂಡು ಇಳ್ದ್‌ಬುಟ್ಟೆ. ಆ ವಾರದ ಕರೆಂಟು ತಪ್ಪೋಯ್ತು. ಡಾಕ್ಟ್ರು ಬಯ್ದ್ರು. ಇನ್ನೊಂದ್ ಕಿತ ತಪ್ಪಿಸ್ಕಂಡ್ರೆ ಬರ್ಲೇಬ್ಯಾಡ, ಮಾಡಿದ್ದೆಲ್ಲಾ ನೀರಲ್ಲಿ ಹೋಮ ಅಂದವ್ರೆ."

ಅಷ್ಟೇ ವಿಷಯ. ಕರೆಂಟು ಮುಗಿಯುವವರೆಗಿನ ಸೋಮವಾರಗಳಲ್ಲಿ ಆ ಹೆಂಗಸಿಗೆ ಬಸ್ಸಿನ ಮುಂದಿನ ಎರಡು ಸಾಲಿನಲ್ಲಿ ಒಂದು ಸೀಟು ಬೇಕು. ದಾನವಲ್ಲ, ಟಿಕೆಟ್ ಕೊಂಡೇ ಕೂರುವವರು. ಹಿಂದೆಲ್ಲ ಆ ಎರಡು ಸಾಲನ್ನು ಏಜೆಂಟರು ತಮ್ಮ ಕಡೆಯವರಿಗೆ ಟವೆಲ್ಲು ಹಾಕಿ ಹಿಡಿದಿಡುತ್ತಿದ್ದರಂತೆ. ಈಗ ಪರದೆ ಎಲ್ಲರಿಗೂ ಕಾಣುತ್ತಿತ್ತು. ಆಕೆ ಗಾಜಿನ ಕಡೆ ಬೆರಳು ಮಾಡಿ "ಈ ಹಸ್ರುದು" ಎನ್ನುತ್ತಿದ್ದರು. ನಾನು ಕೀ ಒತ್ತುತ್ತಿದ್ದೆ. ಅದು ಕೆಂಪಾಗುವುದನ್ನು ನೋಡಿಯೇ ಆಕೆ ಕಿಟಕಿ ಬಿಡುತ್ತಿದ್ದರು.

ಒಂದು ಶನಿವಾರ ಸಾಹುಕಾರರು ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು. ಕೆಟ್ಟ ಮನುಷ್ಯರಲ್ಲ, ನನ್ನನ್ನು ಯಾವತ್ತೂ ಏಕವಚನದಲ್ಲಿ ಕರೆದವರಲ್ಲ. ಕೊರಟಗೆರೆಯಲ್ಲಿ ಒಬ್ಬರು ಗುತ್ತಿಗೆದಾರರಿದ್ದರು. ಹೊಸ ಮಾರ್ಗದ ಪರ್ಮಿಟ್ ಇವರಿಗೆ ಸಿಗುವುದು ಬಿಡುವುದು ಅವರ ಒಂದು ಮಾತಿನ ಮೇಲೆ ನಿಂತಿತ್ತು. ಅವರು ಈಗ ಸೋಮವಾರಗಳಲ್ಲಿ ಬೆಂಗಳೂರಿಗೆ ಇದೇ ಬಸ್ಸಿನಲ್ಲಿ ಹೋಗುತ್ತಾರಂತೆ. ಅವರಿಗೆ, ಅವರಂಥ ಇನ್ನು ಕೆಲವರಿಗೆ, ಮುಂದಿನ ಸೀಟು ಯಾವಾಗಲೂ ಉಳಿದಿರಬೇಕು.

"ಮುಂದಿನ ಎರಡು ಸಾಲು ಹೊರಗಡೆ ಯಾವಾಗ್ಲೂ ಕೆಂಪಗೇ ಕಾಣ್ಲಿ. ಒಳಗಡೆ ಖಾಲಿ ಇದೆ ಅಂತ ನಮಗೆ ಗೊತ್ತಿದ್ರೆ ಸಾಕು. ಆಗುತ್ತಾ?" ಎಂದು ಕೇಳಿದರು.

ಆಗುತ್ತಿತ್ತು. ನಾನು ಪಾಲು ಮಾಡಿದ್ದ ರೀತಿಯಲ್ಲಿ ಅದು ಬಹಳ ಸಲೀಸು. ಹೊರಗಿನ ‘ಕಾಣೋದು’ ಒಳಗೆ ಪ್ರೋಗ್ರಾಮಿನ ಒಂದೇ ಒಂದು ಗೆರೆ ಸೇರಿಸಿದರೆ ಮುಗಿಯಿತು. ಈ ಸೀಟುಗಳ ವಿಷಯ ‘ಇರೋದು’ ಹತ್ತಿರ ಕೇಳಬೇಡ, ಸುಮ್ಮನೆ ಕೆಂಪು ಬಳಿ ಎಂದು ಹೇಳಿದರೆ ಆಯಿತು. ಸಜ್ಜನಿಕೆಯಿಂದ ಕಟ್ಟಿದ ಮನೆಗೂ ಸುಳ್ಳು ಹೇಳುವ ಕಿಟಕಿ ಇಡಬಹುದು. ಯಂತ್ರ ತಡೆಯುವುದಿಲ್ಲ. ತಡೆಯಬೇಕಾದವಳು ನಾನು.

"ಆಗುತ್ತೆ, ಒಂದು ಗೆರೆ ಸೇರಿಸಿದ್ರೆ ಸಾಕು. ನಾನು ಮಾಡಲ್ಲ" ಎಂದೆ.

"ಆಗಲ್ಲ ಅಂತ ಹೇಳಿದ್ರೆ ನಂಬ್ತಿದ್ನಲ್ಲಮ್ಮ" ಎಂದರು ಸಾಹುಕಾರರು.

"ನಂಗೇ ಸುಳ್ಳು ಹೇಳೋಕೆ ಬರಲ್ಲ, ಇನ್ನು ಹೊರಗಿನ ಪರದೆಗೆ ಹೇಗೆ ಹೇಳ್ಕೊಡ್ಲಿ" ಎಂದೆ. ಇಷ್ಟು ಉದ್ದದ ನಾಲಗೆ ಎಲ್ಲಿಂದ ಬಂತು ಎಂದು ಅಮ್ಮ ಕೇಳುತ್ತಿದ್ದಳು. ಅವಳದೇ, ಮತ್ತೆಲ್ಲಿಂದ ಬರಬೇಕು.

ಸೋಮವಾರದೊಳಗೆ ಮಾಡಿ, ಇಲ್ಲದಿದ್ದರೆ ಮಂಗಳವಾರದಿಂದ ಬರಬೇಡಿ ಎಂದು ಹೇಳಿ ಅವರು ಹೊರಟರು. ಏಜೆಂಟರು ಆ ಕಡೆ ತಿರುಗಿ ಬೀಡಿ ಹಚ್ಚಿದರು. "ಒಂದು ಗೆರೆ ಅಂತೆ, ಹಾಕ್‌ಬುಡೋಕೆ ಏನ್ ರೋಗ ಕಣಮ್ಮ. ಅನ್ನ ಕೊಡೋರು" ಎಂದರು. ನಾನು ಭಾನುವಾರ ಮನೆಯಲ್ಲಿ ಹಪ್ಪಳ ಒತ್ತಿದೆ. ಆ ಗೆರೆಯ ಕಡೆ ಹೋಗಲಿಲ್ಲ.

ಸೋಮವಾರ ಬೆಳಿಗ್ಗೆ ಸಾಲು ಉದ್ದವಿತ್ತು. ಮುಂದಿನ ಸಾಲುಗಳು ಒಂದೊಂದಾಗಿ ಕೆಂಪಾದವು. ಮೂರನೇ ನಂಬರ್ ಒಂದು ಉಳಿದಿತ್ತು. ಆ ಹೆಂಗಸು ಕಿಟಕಿಗೆ ಬಂದು ಬೆರಳಿಟ್ಟರು. ನಾನು ಬುಕ್ ಮಾಡಿ ಟಿಕೆಟ್ ಕೊಟ್ಟೆ. ಏಜೆಂಟರು ಯಾಕೆ ತುಟಿ ಬಿಚ್ಚಲಿಲ್ಲ ಎಂಬುದು ಬಸ್ಸು ಬಂದಮೇಲೆ ತಿಳಿಯಿತು. ಮೂರನೇ ಸೀಟಿನ ಮೇಲೆ ಅವರು ಡಿಪೋದಲ್ಲೇ ಟವೆಲ್ಲು ಹಾಸಿ ಕಳಿಸಿದ್ದರು. ಕೊರಟಗೆರೆಯಲ್ಲಿ ಹತ್ತುವ ದೊಡ್ಡವರಿಗೆ.

ಕೋಣೆಯ ಬಾಗಿಲಿಂದ ನನಗೆ ಬಸ್ಸಿನ ಮುಂಭಾಗ ಕಾಣುತ್ತಿತ್ತು. ಆಕೆ ಟವೆಲ್ಲನ್ನು ಎತ್ತಿ, ನಾಲ್ಕು ಮಡಿಕೆ ಮಾಡಿ, ಡ್ರೈವರ್ ಪಕ್ಕದ ಇಂಜಿನ್ನಿನ ಮೇಲಿಟ್ಟು ಕೂತರು. ಕಂಡಕ್ಟರ್ ಏಳಲು ಹೇಳಿದ, ಹಿಂದೆಯೇ ಬಸ್ಸು ಹತ್ತಿದ ಏಜೆಂಟರೂ ಹೇಳಿದರು. ಆಕೆ ಟಿಕೆಟ್ ಕೂಡ ತೋರಿಸಲಿಲ್ಲ.

"ಆ ಪೆಟ್ಗೇಲಿ ನಂದು ಕೆಂಪಗಾಗೈತೆ. ನಾನೇ ನೋಡಿವ್ನಿ. ಅದು ಹಸ್ರು ಆಗ್ಲಿ, ಎದ್ದೇಳ್ತೀನಿ" ಎಂದರು.

ಬಸ್ಸಿನೊಳಗಿನವರೊಬ್ಬರು ಕಿಟಕಿಯಿಂದ ತಲೆ ಹೊರಹಾಕಿ ಸಾಲಿನವರನ್ನು ಕೇಳಿದರು: "ಲೇ, ಮೂರು ಏನ್ ಬಣ್ಣ ನೋಡ್ರಲಾ." ಸಾಲಿನವರು ಪರದೆ ನೋಡಿ "ಕೆಂಪು" ಎಂದರು. ಮಧುಗಿರಿಯಲ್ಲಿ ಒಂದು ಟವೆಲ್ಲಿನ ಮಾತನ್ನು ಜನ ಮೊದಲ ಸಲ ತಳ್ಳಿಹಾಕಿದ್ದು ಆವತ್ತು ಎಂದೇ ನನ್ನ ನಂಬಿಕೆ.

ಏಜೆಂಟರು ಬಸ್ಸಿನಿಂದ ಧುಮುಕಿ ಕೋಣೆಗೆ ಓಡಿಬಂದರು. ನನ್ನನ್ನು ಸರಿಸಿ, ಮೇಲಿನ ಸಾಲಿನ ಕೊನೆಯ ಕೀ ಒತ್ತಿದರು. ಅವರ ಹಳೆಯ ವಿದ್ಯೆ. ಹೊರಗಿನ ಪರದೆ ಪೂರ್ತಿ ಕಪ್ಪಾಯಿತು. ಆ ಕಾಲದ ಯಂತ್ರ, ಚಿತ್ರ ಬರೆಯುವುದು ನಿಧಾನ. ಮೊದಲು ಬಸ್ಸಿನ ಕಂದು ಬಣ್ಣದ ಹೊರಗೆರೆ ಬಂತು. ಆಮೇಲೆ ಡ್ರೈವರ್ ಸೀಟು. ಆಮೇಲೆ ಒಂದನೆಯದು, ಕೆಂಪು. ಎರಡನೆಯದು, ಕೆಂಪು. ಮೂರನೆಯದೂ ಕೆಂಪಗೇ ಬಂತು. ಆ ಕೀಯನ್ನು ನಾನು ತೆಗೆದಿರಲಿಲ್ಲ, ಆದರೆ ಈಗ ಅದಕ್ಕಿದ್ದ ಕೆಲಸ ಮತ್ತೊಮ್ಮೆ ಚಿತ್ರ ಬರೆ ಎನ್ನುವುದಷ್ಟೇ. ‘ಕಾಣೋದು’ ಹೋಗಿ ‘ಇರೋದು’ನ ಕೇಳಿತ್ತು. ‘ಇರೋದು’ ಇದ್ದದ್ದನ್ನು ಹೇಳಿತ್ತು.

ಏಜೆಂಟರು ಮತ್ತೆ ಒತ್ತಿದರು. ಮತ್ತೆ ಕಪ್ಪಾಗಿ, ಮತ್ತೆ ಕೆಂಪಗೆ ಬಂತು. ಈ ಸಲ ಸಾಲಿನವರು ನಕ್ಕರು.

ಅಷ್ಟರಲ್ಲಿ ಸಾಹುಕಾರರೇ ಬಂದರು. "ಕ್ಯಾನ್ಸಲ್ ಮಾಡಿ" ಎಂದರು ನನಗೆ.

"ಬಸ್ ಹೊರಡೋ ಮುಂಚೆ ಒಂದು ಗಂಟೆ ಒಳಗೆ ಕ್ಯಾನ್ಸಲ್ ಇಲ್ಲ. ಟಿಕೆಟ್ ಹಿಂದೆ ನೀವೇ ಅಚ್ಚು ಹಾಕಿಸಿರೋದು. ಅದನ್ನೂ ಒಳಗೆ ಬರೆದಿದ್ದೀನಿ. ನೀವೇ ಒತ್ತಿ ನೋಡಿ, ಅದು ಒಪ್ಪಲ್ಲ" ಎಂದೆ. ಎಷ್ಟೋ ಬಡವರ ದುಡ್ಡು ವಾಪಸ್ ಕೊಡದೆ ಉಳಿಸಿಕೊಂಡಿದ್ದ ನಿಯಮ ಅದು. ಮೊದಲ ಸಲ ಬೇರೆ ಕಡೆಗೆ ತಿರುಗಿ ನಿಂತಿತ್ತು.

ಸಾಹುಕಾರರು ಒತ್ತಿದರು. ಅದು ಒಪ್ಪಲಿಲ್ಲ. ಹೊರಗೆ ನಮ್ಮ ಬಸ್ಸಿನ ಹಿಂದೆ ಬೇರೆ ಕಂಪನಿಯ ಬಸ್ಸು ಬಂದು ಹಾರನ್ ಬಾರಿಸತೊಡಗಿತು. ಖಾಸಗಿ ಬಸ್ಸಿನವರಿಗೆ ಟೈಮಿಂಗ್ ಎಂದರೆ ಪ್ರಾಣ. ನಮ್ಮವರು ಇನ್ನೂ ನಿಂತಿದ್ದರೆ ಕೊರಟಗೆರೆಯ ಜನರೆಲ್ಲ ಅವರಿಗೆ ಹೋಗುತ್ತಿದ್ದರು. ಸಾಹುಕಾರರು ಕೈ ಬೀಸಿದರು. ಬಸ್ಸು ಹೊರಟಿತು, ಮೂರನೇ ಸೀಟಿನಲ್ಲಿ ಆಕೆ ಕತ್ತು ಅಲ್ಲಾಡದ ಹಾಗೆ ನೆಟ್ಟಗೆ ಕೂತು ಹೋದರು.

ಮಂಗಳವಾರ ನಾನು ಹೋಗಲಿಲ್ಲ, ಅವರೂ ಕರೆಯಲಿಲ್ಲ. ಪಶ್ಚಾತ್ತಾಪ ಆಯಿತಾ ಎಂದು ಕೇಳಿದವರಿದ್ದಾರೆ. ನನ್ನದು ಎಂದು ಹೇಳಿಕೊಳ್ಳಬಹುದಾದ ಮೊದಲ ಕೆಲಸ ಕೈಬಿಟ್ಟು ಹೋಯಿತು, ಅದರ ದುಃಖ ಇತ್ತು. ಪಶ್ಚಾತ್ತಾಪ ಮಾತ್ರ ಆಗಲಿಲ್ಲ. ಪ್ರೋಗ್ರಾಮನ್ನು ತಿದ್ದಲು ಅವರಲ್ಲಿ ಯಾರಿಗೂ ಬರುತ್ತಿರಲಿಲ್ಲ. ಆದ್ದರಿಂದ ಅವರು ಇನ್ನೂ ಸುಲಭದ ಉಪಾಯ ಹುಡುಕಿದರು. ಬಣ್ಣದ ಪರದೆಯನ್ನು ಗೋಡೆಯ ಕಡೆ ತಿರುಗಿಸಿಟ್ಟರು. ಅಂಗಡಿಯ ಹೊಸಿಲಿನಿಂದ ನನಗೆ ಅದರ ಬೆನ್ನು ಕಾಣುತ್ತಿತ್ತು. ಏಜೆಂಟರ "ಫುಲ್ಲಾಗೈತೆ" ಮತ್ತೆ ಜೋರಾಗಿ ಕೇಳುತ್ತಿತ್ತು.

ಮುಂದಿನ ಸೋಮವಾರ ನಾನು ಎಲ್ಲರಿಗಿಂತ ಮೊದಲು ಹೋಗಿ ಸಾಲಿನಲ್ಲಿ ನಿಂತೆ.

"ಈಗಿಲ್ಲಿ ನಿಮ್ದೇನ್ ಕೆಲ್ಸ ಕಣಮ್ಮ" ಎಂದರು ಏಜೆಂಟರು.

"ಟಿಕೆಟ್ ಬೇಕು."

"ಯಾವ ಸೀಟು?"

"ನೋಡದೆ ಹೇಗೆ ಹೇಳ್ಲಿ. ಪೆಟ್ಟಿಗೆ ತಿರುಗಿಸಿ."

ಅವರು ತಿರುಗಿಸಲಿಲ್ಲ. ನಾನು ಕಿಟಕಿ ಬಿಡಲಿಲ್ಲ. ಹಿಂದಿನವರು ಮೊದಲು ನನ್ನ ಮೇಲೆಯೇ ರೇಗಿದರು, ಹೊತ್ತಾಯ್ತು ಸರೀರಿ ಎಂದರು. ನಾನು ಹಿಂದೆ ತಿರುಗಿ, ನಿಮಗೆ ಯಾವ ಸೀಟು ಬೇಕು ಅಂತ ನೀವು ಹೇಗೆ ಹೇಳ್ತೀರಿ ಎಂದು ಕೇಳಿದೆ. ಆಮೇಲೆ ಶಿರಾದ ಒಬ್ಬ ವಯಸ್ಸಾದ ಸಾಬರು ಶಾಂತವಾಗಿ, "ತಿರ್ಗ್ಸಿಬಿಡಿ ಭಾಯ್, ನೋಡೋದ್ರಲ್ಲಿ ಏನು ನುಕ್ಸಾನು" ಎಂದರು. ಅವರ ಹಿಂದಿನವರು "ತಿರುಗ್ಸಿ" ಎಂದರು. ಸಾಲು ಪೂರ್ತಿ ಅದೊಂದೇ ಮಾತು ಹಿಡಿಯಿತು. ಏಜೆಂಟರು ಬೆವರು ಒರೆಸಿಕೊಂಡು ಪರದೆಯನ್ನು ತಿರುಗಿಸಿದರು.

ಬಸ್ಸು ಹೆಚ್ಚು ಕಡಿಮೆ ತುಂಬಿತ್ತು. ಹಿಂದಿನ ದಿನವೇ ಎಲ್ಲಾ ಕೊಟ್ಟುಬಿಟ್ಟಿದ್ದರು. ಮುಂದಿನ ಎರಡು ಸಾಲಿನಲ್ಲಿ ಒಂದೇ ಒಂದು ಚೌಕ ಹಸಿರಾಗಿತ್ತು, ಗುತ್ತಿಗೆದಾರರಿಗೆಂದು ಉಳಿಸಿಕೊಂಡದ್ದು. ನನ್ನ ಹಿಂದೆ ಸ್ವಲ್ಪ ದೂರದಲ್ಲಿ ಕತ್ತಿಗೆ ಸೆರಗು ಸುತ್ತಿದ ಆಕೆ ನಿಂತಿದ್ದರು. ನಾನು ಕೈ ಮಾಡಿ ಕರೆದೆ. ನಡುವೆ ಇದ್ದವರು ದಾರಿ ಬಿಟ್ಟರು. ಆಕೆ ಬಂದು ಗಾಜಿನ ಕಡೆ ಬೆರಳು ಮಾಡಿದರು. ಏಜೆಂಟರು ಸಾಲನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ ಕೀ ಒತ್ತಿದರು. ಅದು ಕೆಂಪಾದಮೇಲೆ ನಾನು ಕೊರಟಗೆರೆಗೆ ನಿಂತು ಹೋಗುವ ಟಿಕೆಟ್ ತೆಗೆದುಕೊಂಡೆ.

ಆಕೆಯ ಸೀಟಿನ ಕಂಬಿ ಹಿಡಿದುಕೊಂಡು, ಬಾಗಿಲಿಗೂ ಆಕೆಗೂ ಅಡ್ಡವಾಗಿ ನಿಂತೆ. ಕೊರಟಗೆರೆಯಲ್ಲಿ ಇಸ್ತ್ರಿ ಬಟ್ಟೆ ತೊಟ್ಟ ಗುತ್ತಿಗೆದಾರರು ಹತ್ತಿದರು. ಸೀಟು ನೋಡಿದರು, ಕಂಡಕ್ಟರನನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ನಾನು ಕಂಬಿಯ ಮೇಲಿನ ಕೈ ತೆಗೆಯಲಿಲ್ಲ, ಅವರ ಮೇಲಿನ ಕಣ್ಣೂ ಕೀಳಲಿಲ್ಲ. ಅವರು ಏನೋ ಗೊಣಗಿಕೊಂಡು ಹಿಂದೆ ಹೋದರು.

"ಕೊರಟಗೆರೆ ಬಂತು, ಇಳೀರಿ" ಎಂದ ಕಂಡಕ್ಟರ್ ನನಗೆ. ಗುತ್ತಿಗೆದಾರರು ಹಿಂದಿನಿಂದ ಇನ್ನೂ ಆ ಸೀಟನ್ನೇ ನೋಡುತ್ತಿದ್ದರು.

"ಬೆಂಗಳೂರಿಗೆ ಒಂದು ಕೊಡಿ" ಎಂದೆ.

"ಸೀಟಿಲ್ಲ. ಅಲ್ಲೀಗಂಟ ನಿಂತ್ಕಂಡೇ ಹೋಗ್ಬೇಕಾಯ್ತದೆ."

"ಗೊತ್ತು" ಎಂದೆ.